ಉನ್ನತ ಶಿಕ್ಷಣದಲ್ಲಿ ಮುಕ್ತ ಆಕರ ತಂತ್ರಾಂಶಗಳು: ಸಾಕಾಯ್ ಮತ್ತು ಕುವಾಲಿ ಯೋಜನೆಗಳ ಅನುಭವ

ಪೀಠಿಕೆ

ವಿಶ್ವವಿದ್ಯಾಲಯಗಳು ಹಾಗೂ ಕಾಲೇಜುಗಳು ಬಳಸುವ ತಂತ್ರಾಂಶಗಳಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ. ಮೊದಲನೆಯದು ಆಡಳಿತಕ್ಕೆ ಸಂಬಂಧಿಸಿದ್ದು. ಪ್ರವೇಶ, ಶುಲ್ಕ, ಪರೀಕ್ಷೆ, ಅಂಕಪಟ್ಟಿ, ಸಿಬ್ಬಂದಿಯ ವೇತನ, ಲೆಕ್ಕಪತ್ರ, ಸಂಶೋಧನಾ ಅನುದಾನಗಳ ನಿರ್ವಹಣೆ ಇವೆಲ್ಲ ಇದರ ವ್ಯಾಪ್ತಿಗೆ ಬರುತ್ತವೆ. ಎರಡನೆಯದು ಬೋಧನೆ ಮತ್ತು ಕಲಿಕೆಗೆ ಸಂಬಂಧಿಸಿದ್ದು. ಪಾಠದ ಸಾಮಗ್ರಿಯನ್ನು ವಿದ್ಯಾರ್ಥಿಗಳಿಗೆ ಒದಗಿಸುವುದು, ಅವರು ಬರೆದ ಪ್ರಬಂಧಗಳನ್ನು ಸ್ವೀಕರಿಸುವುದು, ಕಿರುಪರೀಕ್ಷೆ ನಡೆಸುವುದು, ಚರ್ಚೆಗೆ ಅವಕಾಶ ಕಲ್ಪಿಸುವುದು ಇದರ ಕೆಲಸ. ಇದನ್ನು ಕಲಿಕಾ ನಿರ್ವಹಣಾ ತಂತ್ರಾಂಶವೆಂದು ಕರೆಯಲಾಗುತ್ತದೆ.

ಪದವಿ ಪಡೆದು ಮೂವತ್ತು ವರ್ಷಗಳಾದ ಬಳಿಕವೂ ಒಬ್ಬ ವ್ಯಕ್ತಿಗೆ ತನ್ನ ಅಂಕಪಟ್ಟಿಯ ದೃಢೀಕೃತ ಪ್ರತಿ ಬೇಕಾಗಬಹುದು. ಯಾವ ತಂತ್ರಾಂಶವೂ ಅಷ್ಟು ಕಾಲ ಹಾಗೆಯೇ ಉಳಿಯುವುದಿಲ್ಲ. ಅದನ್ನು ತಯಾರಿಸಿದ ಕಂಪನಿ ಉಳಿದಿರುತ್ತದೆಂಬ ಖಾತ್ರಿಯೂ ಇಲ್ಲ. ಆದರೆ ವಿಶ್ವವಿದ್ಯಾಲಯವು ಉಳಿದಿರಬೇಕು, ಅದರ ದಾಖಲೆಗಳೂ ಉಳಿದಿರಬೇಕು. ಹೀಗಾಗಿ ತಂತ್ರಾಂಶವು ಯಾರ ಅಧೀನದಲ್ಲಿದೆ, ಅದನ್ನು ಬಿಡಬೇಕಾದ ದಿನ ಸಂಸ್ಥೆಯ ಕೈಯಲ್ಲಿ ಏನು ಉಳಿಯುತ್ತದೆ ಎಂಬುದು ಗಣಕ ವಿಭಾಗಕ್ಕೆ ಮಾತ್ರ ಸೇರಿದ ಪ್ರಶ್ನೆಯಲ್ಲ. ಕುಲಸಚಿವರಿಗೂ ಹಣಕಾಸು ಅಧಿಕಾರಿಗೂ ವಿದ್ಯಾರ್ಥಿಗೂ ಅದು ಅಷ್ಟೇ ಸಂಬಂಧಿಸಿದ್ದು. ಅಮೆರಿಕದ ಕೆಲವು ವಿಶ್ವವಿದ್ಯಾಲಯಗಳು 2004ರಿಂದೀಚೆಗೆ ಈ ಪ್ರಶ್ನೆಗೆ ಒಟ್ಟಾಗಿ ಉತ್ತರ ಹುಡುಕಿದವು. ಆ ಪ್ರಯತ್ನದ ಫಲವನ್ನೂ ಮಿತಿಯನ್ನೂ ಇಲ್ಲಿ ವಿವರಿಸಲಾಗಿದೆ.

ಮುಕ್ತ ಆಕರ ಎಂದರೇನು?

ತಂತ್ರಾಂಶವನ್ನು ಬರೆಯುವವರು ಮನುಷ್ಯರು ಓದಬಲ್ಲ ರೂಪದಲ್ಲಿ ಬರೆಯುತ್ತಾರೆ. ಇದಕ್ಕೆ ಆಕರ ಸಂಕೇತವೆಂದು ಹೆಸರು. ಸ್ವಾಮ್ಯದ ತಂತ್ರಾಂಶಗಳಲ್ಲಿ ಈ ಆಕರವನ್ನು ಸಾಮಾನ್ಯವಾಗಿ ಗ್ರಾಹಕರಿಗೆ ನೀಡುವುದಿಲ್ಲ. ಬಳಸುವ ಹಕ್ಕನ್ನು ಮಾತ್ರ ನೀಡಲಾಗುತ್ತದೆ. ಮುಕ್ತ ಆಕರ ತಂತ್ರಾಂಶದಲ್ಲಾದರೋ ಆಕರವನ್ನು ಓದುವ, ತಿದ್ದುವ, ತಿದ್ದಿದ್ದನ್ನು ಇತರರಿಗೆ ಹಂಚುವ ಹಕ್ಕು ಪರವಾನಗಿಯಲ್ಲಿಯೇ ಅಡಕವಾಗಿರುತ್ತದೆ.

ಮುಕ್ತವೆಂದರೆ ಪುಕ್ಕಟೆ ಎಂಬ ತಿಳಿವಳಿಕೆ ವ್ಯಾಪಕವಾಗಿದೆ. ಅದು ಸರಿಯಲ್ಲ. ಪರವಾನಗಿ ಶುಲ್ಕವಿಲ್ಲದಿದ್ದರೂ ಸರ್ವರ್, ಸಿಬ್ಬಂದಿ, ತರಬೇತಿ, ಹಳೆಯ ದತ್ತಾಂಶದ ವರ್ಗಾವಣೆ ಇವುಗಳ ವೆಚ್ಚ ಇದ್ದೇ ಇರುತ್ತದೆ. ದೊಡ್ಡ ವಿಶ್ವವಿದ್ಯಾಲಯದಲ್ಲಿ ಈ ವೆಚ್ಚಗಳೇ ಹೆಚ್ಚಿನ ಪಾಲು ಆಗುವುದೂ ಉಂಟು.

ಹಿನ್ನೆಲೆ

1990ರ ದಶಕದ ಕೊನೆಯ ವೇಳೆಗೆ ಅಮೆರಿಕದ ದೊಡ್ಡ ವಿಶ್ವವಿದ್ಯಾಲಯಗಳು ತಮ್ಮ ತಮ್ಮ ಕಲಿಕಾ ತಂತ್ರಾಂಶಗಳನ್ನು ತಾವೇ ರೂಪಿಸಿಕೊಳ್ಳತೊಡಗಿದ್ದವು. ಮುಂದೆ ಮಿಚಿಗನ್‌ನಲ್ಲಿ ಚೆಫ್, ಇಂಡಿಯಾನಾದಲ್ಲಿ ಆನ್‌ಕೋರ್ಸ್, ಸ್ಟ್ಯಾನ್‌ಫರ್ಡ್‌ನಲ್ಲಿ ಕೋರ್ಸ್‌ವರ್ಕ್, ಎಂ.ಐ.ಟಿ.ಯಲ್ಲಿ ಸ್ಟೆಲ್ಲರ್ ಬಳಕೆಗೆ ಬಂದವು. ಒಂದೇ ಕೆಲಸವನ್ನು ನಾಲ್ಕು ಕಡೆ ನಾಲ್ಕು ತಂಡಗಳು ಮಾಡುತ್ತಿದ್ದವು. ಮಾರುಕಟ್ಟೆಯಲ್ಲಿ ಬ್ಲ್ಯಾಕ್‌ಬೋರ್ಡ್ ಮತ್ತು ವೆಬ್‌ಸಿಟಿ ಎಂಬ ಎರಡು ಪ್ರಮುಖ ಉತ್ಪನ್ನಗಳಿದ್ದವು. ಇವುಗಳಲ್ಲಿ ವೆಬ್‌ಸಿಟಿ ಮೂಲತಃ ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲೇ ಹುಟ್ಟಿ ವಾಣಿಜ್ಯ ಸಂಸ್ಥೆಯ ಕೈಸೇರಿದ್ದು.

ಅದೇ ಕಾಲದಲ್ಲಿ ಮಾರುಕಟ್ಟೆ ಕಿರಿದಾಗುತ್ತಿತ್ತು. ಅನೇಕ ವಿಶ್ವವಿದ್ಯಾಲಯಗಳು ವೇತನ ಹಾಗೂ ವಿದ್ಯಾರ್ಥಿ ದಾಖಲೆಗಳಿಗಾಗಿ ಪೀಪಲ್‌ಸಾಫ್ಟ್ ಕಂಪನಿಯ ತಂತ್ರಾಂಶವನ್ನು ಅವಲಂಬಿಸಿದ್ದವು. ಆ ಕಂಪನಿಯನ್ನು ಅದರ ಇಚ್ಛೆಗೆ ವಿರುದ್ಧವಾಗಿಯೇ ಕೊಳ್ಳಲು ಒರಾಕಲ್ 2003ರ ಜೂನ್‌ನಲ್ಲಿ ಮುಂದಾಯಿತು. 2005ರ ಜನವರಿಯಲ್ಲಿ ಕೊಳ್ಳುವ ಪ್ರಕ್ರಿಯೆ ಮುಗಿಯಿತು. ಕಲಿಕಾ ತಂತ್ರಾಂಶದ ಕ್ಷೇತ್ರದಲ್ಲೂ ಹೀಗೆಯೇ ಆಯಿತು. ಬ್ಲ್ಯಾಕ್‌ಬೋರ್ಡ್ ತನ್ನ ಪ್ರತಿಸ್ಪರ್ಧಿಯಾದ ವೆಬ್‌ಸಿಟಿಯನ್ನು ಕೊಳ್ಳುವುದಾಗಿ 2005ರ ಅಕ್ಟೋಬರ್‌ನಲ್ಲಿ ಪ್ರಕಟಿಸಿ, 2006ರ ಫೆಬ್ರವರಿಯಲ್ಲಿ ಕೊಂಡುಕೊಂಡಿತು. ಎರಡು ಉತ್ಪನ್ನಗಳಲ್ಲಿ ಒಂದನ್ನು ವಿಚಾರಪೂರ್ವಕವಾಗಿ ಆಯ್ದುಕೊಂಡಿದ್ದ ಸಂಸ್ಥೆಗಳಿಗೆ ಆ ಆಯ್ಕೆಯೇ ಇಲ್ಲವಾಯಿತು.

ಸಾಕಾಯ್ ಯೋಜನೆ

ಮಿಚಿಗನ್, ಇಂಡಿಯಾನಾ, ಸ್ಟ್ಯಾನ್‌ಫರ್ಡ್ ಮತ್ತು ಎಂ.ಐ.ಟಿ. 2004ರಲ್ಲಿ ಜೊತೆಗೂಡಿ ಸಾಕಾಯ್ ಯೋಜನೆಯನ್ನು ಆರಂಭಿಸಿದವು. ಆಂಡ್ರ್ಯೂ ಡಬ್ಲ್ಯು. ಮೆಲನ್ ಪ್ರತಿಷ್ಠಾನವು 24 ಲಕ್ಷ ಡಾಲರುಗಳ ಅನುದಾನ ನೀಡಿತು. ನಾಲ್ಕೂ ಸಂಸ್ಥೆಗಳು ತಮ್ಮ ತಂತ್ರಾಂಶ ರಚನಕಾರರನ್ನು ಈ ಕೆಲಸಕ್ಕೆ ತೊಡಗಿಸಿದವು. ಹೊರಬಂದುದನ್ನು ತಾವೇ ಬಳಸುವುದಾಗಿಯೂ ಒಪ್ಪಿಕೊಂಡವು. ಈ ಕೊನೆಯ ಒಪ್ಪಂದಕ್ಕೆ ವಿಶೇಷ ಮಹತ್ವವಿದೆ. ಅನುದಾನ ಇರುವಷ್ಟು ದಿನ ನಡೆದು, ಮುಗಿದೊಡನೆ ಕಪಾಟು ಸೇರುವ ತಂತ್ರಾಂಶಗಳು ಎಲ್ಲ ದೇಶಗಳಲ್ಲೂ ಕಂಡುಬರುತ್ತವೆ. ತಾನೇ ಬಳಸಬೇಕಾದವನು ರಚಿಸಿದಾಗ ದೋಷವನ್ನು ಮುಂದೂಡುವಂತಿಲ್ಲ.

ಇತರ ವಿಶ್ವವಿದ್ಯಾಲಯಗಳು ವರ್ಷಕ್ಕೆ 10,000 ಡಾಲರ್ ನೀಡಿ ಪಾಲುದಾರರಾಗಬಹುದಿತ್ತು. ಶುಲ್ಕ ನೀಡದವರಿಗೂ ಆಕರ ದೊರೆಯುತ್ತಿತ್ತು. ಶುಲ್ಕ ನೀಡಿದವರು ಸಮುದಾಯವನ್ನು ಪೋಷಿಸುತ್ತಿದ್ದರು.

ಹೆಸರಿನ ವಿಚಾರವೂ ಸ್ವಾರಸ್ಯಕರ. ಮಿಚಿಗನ್‌ನ ಹಿಂದಿನ ತಂತ್ರಾಂಶದ ಹೆಸರು ಚೆಫ್, ಅಂದರೆ ಬಾಣಸಿಗ. ಅದರ ಉತ್ತರಾಧಿಕಾರಿಗೆ ಐರನ್ ಚೆಫ್ ಎಂಬ ಜಪಾನಿನ ದೂರದರ್ಶನ ಕಾರ್ಯಕ್ರಮದಿಂದ ಪ್ರಸಿದ್ಧರಾದ ಬಾಣಸಿಗ ಹಿರೋಯುಕಿ ಸಾಕಾಯ್ ಅವರ ಹೆಸರನ್ನಿಡಲಾಯಿತು.

ಸಾಕಾಯ್ ಜಾವಾ ಭಾಷೆಯಲ್ಲಿ ರಚಿತವಾಗಿದೆ. ಶಿಕ್ಷಣ ಸಮುದಾಯ ಪರವಾನಗಿ ಎಂಬ ಉದಾರ ಪರವಾನಗಿಯಡಿ ಅದನ್ನು ಬಿಡುಗಡೆ ಮಾಡಲಾಯಿತು. ಈ ಪರವಾನಗಿಯಂತೆ ಯಾವುದೇ ಸಂಸ್ಥೆಯಾಗಲಿ ಕಂಪನಿಯಾಗಲಿ ಆಕರವನ್ನು ತಿದ್ದಿ ಬಳಸಬಹುದು. ತಿದ್ದುಪಡಿಯನ್ನು ಹಿಂದಿರುಗಿಸಬೇಕೆಂಬ ಕಡ್ಡಾಯವಿಲ್ಲ. 2012ರ ಡಿಸೆಂಬರ್‌ನಲ್ಲಿ ಸಾಕಾಯ್ ಪ್ರತಿಷ್ಠಾನವು ಜಾಸಿಗ್ ಎಂಬ ಸಹೋದರ ಸಂಸ್ಥೆಯೊಡನೆ ವಿಲೀನಗೊಂಡು ಅಪೆರಿಯೋ ಪ್ರತಿಷ್ಠಾನವಾಯಿತು.

ಪೇಟೆಂಟ್ ವಿವಾದ

ಸಾಕಾಯ್ ನೆಲೆಗೊಳ್ಳುತ್ತಿದ್ದಾಗಲೇ ಒಂದು ಕಾನೂನಿನ ಸಮಸ್ಯೆ ಎದುರಾಯಿತು. ಬ್ಲ್ಯಾಕ್‌ಬೋರ್ಡ್‌ಗೆ 2006ರ ಜನವರಿಯಲ್ಲಿ ಅಮೆರಿಕದ 6,988,138 ಸಂಖ್ಯೆಯ ಪೇಟೆಂಟ್ ದೊರೆಯಿತು. ಒಬ್ಬನೇ ಬಳಕೆದಾರ ಒಂದೇ ಪ್ರವೇಶಪದದ ಮೂಲಕ ಒಂದು ಪಠ್ಯಕ್ರಮದಲ್ಲಿ ಅಧ್ಯಾಪಕನಾಗಿಯೂ ಮತ್ತೊಂದರಲ್ಲಿ ವಿದ್ಯಾರ್ಥಿಯಾಗಿಯೂ ಇರಬಲ್ಲ ವ್ಯವಸ್ಥೆ ತನ್ನ ಆವಿಷ್ಕಾರವೆಂಬುದು ಅದರ ಪ್ರಮುಖ ಹಕ್ಕುಸಾಧನೆಗಳಲ್ಲಿ ಒಂದು. ಸಂಶೋಧನಾ ವಿದ್ಯಾರ್ಥಿಗಳು ಕಿರಿಯರಿಗೆ ಪಾಠ ಹೇಳುವುದು ಎಲ್ಲ ವಿಶ್ವವಿದ್ಯಾಲಯಗಳಲ್ಲೂ ಹಿಂದಿನಿಂದ ನಡೆದುಬಂದ ಸಂಗತಿ. ಅದನ್ನು ಗಣಕದಲ್ಲಿ ಪ್ರತಿಬಿಂಬಿಸುವುದು ಒಬ್ಬರ ಸ್ವತ್ತೆಂದಾದರೆ ಕಲಿಕಾ ತಂತ್ರಾಂಶ ರಚಿಸಿದ ಪ್ರತಿಯೊಬ್ಬರೂ ಭಯಪಡಬೇಕಾಗಿತ್ತು.

ಅದೇ ವರ್ಷದ ಜುಲೈನಲ್ಲಿ ಕಂಪನಿಯು ಕೆನಡಾದ ಡಿಸೈರ್‌ಟುಲರ್ನ್ ಎಂಬ ಪ್ರತಿಸ್ಪರ್ಧಿಯ ವಿರುದ್ಧ ಟೆಕ್ಸಾಸ್‌ನ ನ್ಯಾಯಾಲಯದಲ್ಲಿ ದಾವೆ ಹೂಡಿತು. ಮುಕ್ತ ಆಕರ ಯೋಜನೆಗಳ ಮೇಲೆ ನೇರವಾದ ದಾವೆ ಇರಲಿಲ್ಲ. ಆದರೂ ಸಾಕಾಯ್, ಮೂಡಲ್ ಮತ್ತು ಎಟ್ಯೂಟರ್ ಯೋಜನೆಗಳ ಪರವಾಗಿ ಸಾಫ್ಟ್‌ವೇರ್ ಫ್ರೀಡಂ ಲಾ ಸೆಂಟರ್ ಪೇಟೆಂಟಿನ ಮರುಪರಿಶೀಲನೆ ಕೋರಿ 2006ರ ನವೆಂಬರ್‌ನಲ್ಲಿ ಅರ್ಜಿ ಸಲ್ಲಿಸಿತು. 2007ರ ಜನವರಿಯಲ್ಲಿ ಅರ್ಜಿ ಅಂಗೀಕೃತವಾಯಿತು. ಮರುತಿಂಗಳು ಬ್ಲ್ಯಾಕ್‌ಬೋರ್ಡ್ ಮುಕ್ತ ಆಕರ ಯೋಜನೆಗಳ ಮೇಲೆ ಈ ಪೇಟೆಂಟನ್ನು ಪ್ರಯೋಗಿಸುವುದಿಲ್ಲವೆಂದು ಲಿಖಿತ ವಚನ ನೀಡಿತು. 2008ರ ಫೆಬ್ರವರಿಯಲ್ಲಿ ಜ್ಯೂರಿಯು ಡಿಸೈರ್‌ಟುಲರ್ನ್ 31 ಲಕ್ಷ ಡಾಲರ್ ಪರಿಹಾರ ನೀಡಬೇಕೆಂದು ತೀರ್ಮಾನಿಸಿತು. ಆದರೆ 2009ರ ಜುಲೈನಲ್ಲಿ ಮೇಲ್ಮನವಿ ನ್ಯಾಯಾಲಯವು ವಿವಾದಿತ ಹಕ್ಕುಸಾಧನೆಗಳು ಅಸಿಂಧುವೆಂದು ತೀರ್ಪಿತ್ತಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಎರಡೂ ಕಂಪನಿಗಳು ರಾಜಿಯಾದವು.

ಆಕರ ಎಲ್ಲರಿಗೂ ತೆರೆದಿದ್ದರೂ ಪೇಟೆಂಟ್ ದಾವೆಯಿಂದ ಅದಕ್ಕೆ ರಕ್ಷಣೆ ಇರುವುದಿಲ್ಲ. ಈ ಪ್ರಕರಣದಲ್ಲಿ ನೆರವಿಗೆ ಬಂದದ್ದು ಯೋಜನೆಗಳ ಬೆನ್ನಿಗೆ ನಿಂತ ಸಂಘಟಿತ ಸಮುದಾಯ ಮತ್ತು ಕಾನೂನು ಬಲ್ಲವರು.

ಕುವಾಲಿ: ಲೆಕ್ಕಪತ್ರದ ಬಾಣಲೆ

ಸಾಕಾಯ್ ಮಾದರಿಯನ್ನೇ ಆಡಳಿತ ತಂತ್ರಾಂಶಕ್ಕೆ ಅನ್ವಯಿಸುವ ಪ್ರಯತ್ನ ಕುವಾಲಿ. ಇಂಡಿಯಾನಾ ವಿಶ್ವವಿದ್ಯಾಲಯ ಆಂತರಿಕ ಬಳಕೆಗೆಂದು ಸಿದ್ಧಪಡಿಸಿದ್ದ ಹಣಕಾಸು ವ್ಯವಸ್ಥೆಯ ವಿನ್ಯಾಸವನ್ನು ಆಧರಿಸಿ, ಹವಾಯಿ, ಕಾರ್ನೆಲ್, ಮಿಚಿಗನ್ ಸ್ಟೇಟ್, ಅರಿಜೋನಾ ಮೊದಲಾದ ವಿಶ್ವವಿದ್ಯಾಲಯಗಳು ಇದರಲ್ಲಿ ಕೈಜೋಡಿಸಿದವು. 2005ರಲ್ಲಿ ಮೆಲನ್ ಪ್ರತಿಷ್ಠಾನ 25 ಲಕ್ಷ ಡಾಲರ್ ಅನುದಾನ ನೀಡಿತು. ಕುವಾಲಿ ಎಂಬುದು ಮಲಯ ಭಾಷೆಯಲ್ಲಿ ಬಾಣಲೆಗಿರುವ ಹೆಸರು. ಅಡುಗೆಮನೆಯಲ್ಲಿ ಯಾರೂ ಹೊಗಳದ, ಆದರೆ ಅದಿಲ್ಲದೆ ಒಲೆ ಹಚ್ಚಿ ಪ್ರಯೋಜನವಿಲ್ಲದ ಪಾತ್ರೆ. ಲೆಕ್ಕಪತ್ರ ತಂತ್ರಾಂಶಕ್ಕೆ ಇದಕ್ಕಿಂತ ಒಪ್ಪುವ ಹೆಸರು ದುರ್ಲಭ.

ಹಣಕಾಸು ವ್ಯವಸ್ಥೆ ಯಶಸ್ವಿಯಾಯಿತು. ಕೊಲರಾಡೋ ಸ್ಟೇಟ್ ವಿಶ್ವವಿದ್ಯಾಲಯ 2009ರಲ್ಲಿ ಅದನ್ನು ಬಳಕೆಗೆ ತಂದಿತು. ಎಂ.ಐ.ಟಿ.ಯ ಕೋಯಸ್ ತಂತ್ರಾಂಶದ ಅನುಭವವನ್ನು ಆಧರಿಸಿದ ಸಂಶೋಧನಾ ಅನುದಾನ ವಿಭಾಗವೂ ನೆಲೆಯೂರಿತು.

ವಿದ್ಯಾರ್ಥಿ ದಾಖಲೆಗಳ ವಿಭಾಗದ ಕಥೆ ಬೇರೆ. ಕುವಾಲಿ ಸ್ಟೂಡೆಂಟ್ ಎಂಬ ಈ ಉಪಯೋಜನೆ ವರ್ಷಗಟ್ಟಲೆ ಎಳೆಯಿತು; ಕೆಲವು ಪಾಲುದಾರ ಸಂಸ್ಥೆಗಳು ಮಧ್ಯದಲ್ಲಿಯೇ ಹೊರಬಂದವು. ಕಾರಣ ಊಹಿಸಲು ಕಷ್ಟವಿಲ್ಲ. ಜಮಾ-ಖರ್ಚಿನ ನಿಯಮಗಳು ಒಂದು ಸಂಸ್ಥೆಯಿಂದ ಇನ್ನೊಂದಕ್ಕೆ ಹೆಚ್ಚು ಬದಲಾಗುವುದಿಲ್ಲ. ಲೆಕ್ಕಪರಿಶೋಧಕರು ಅದಕ್ಕೆ ಅವಕಾಶ ಕೊಡುವುದಿಲ್ಲ. ಯಾವ ವಿಷಯದೊಡನೆ ಯಾವ ವಿಷಯ ತೆಗೆದುಕೊಳ್ಳಬಹುದು, ಅನುತ್ತೀರ್ಣನಾದವನು ಮುಂದಿನ ತರಗತಿಗೆ ಹೋಗಬಹುದೇ, ಕೃಪಾಂಕ ಎಷ್ಟು ಎಂಬ ನಿಯಮಗಳಾದರೋ ಪ್ರತಿ ವಿಶ್ವವಿದ್ಯಾಲಯದಲ್ಲೂ ಭಿನ್ನ. ಎಲ್ಲರ ನಿಯಮಗಳನ್ನೂ ಹಿಡಿಸುವಂತೆ ಒಂದೇ ತಂತ್ರಾಂಶ ಬರೆಯಹೊರಟರೆ ಅದು ಮುಗಿಯುವುದೇ ಇಲ್ಲ. ಒಪ್ಪಿತ ನಿಯಮಾವಳಿ ಮೊದಲು, ತಂತ್ರಾಂಶ ಅನಂತರ ಎಂಬ ಕ್ರಮವನ್ನು ಅನುಸರಿಸದಿದ್ದರೆ ಮುಕ್ತ ಆಕರದಿಂದಲೂ ಸಹಾಯವಾಗದು.

ಮೂಡಲ್

ಇದೇ ಅವಧಿಯಲ್ಲಿ ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ ಬೇರೊಂದು ಮಾರ್ಗ ರೂಪುಗೊಂಡಿತು. ಕರ್ಟಿನ್ ವಿಶ್ವವಿದ್ಯಾಲಯದಲ್ಲಿ ವೆಬ್‌ಸಿಟಿಯ ನಿರ್ವಹಣೆ ನೋಡಿಕೊಳ್ಳುತ್ತಿದ್ದ ಮಾರ್ಟಿನ್ ಡೂಗಿಯಾಮಸ್ ಅದರ ಇತಿಮಿತಿಗಳನ್ನು ಕಂಡು ತಾವೇ ಒಂದು ತಂತ್ರಾಂಶ ಬರೆದರು. ಬಾಲ್ಯದಲ್ಲಿ ಮರುಭೂಮಿಯ ನಡುವೆ ವಾಸವಾಗಿದ್ದು, ಕಿರುತರಂಗ ರೇಡಿಯೋ ಮೂಲಕ ಪಾಠ ಕೇಳಿ ಕಲಿತವರು ಅವರು. ಮೂಡಲ್‌ನ ಮೊದಲ ಪೂರ್ಣ ಆವೃತ್ತಿ 2002ರ ಆಗಸ್ಟ್‌ನಲ್ಲಿ ಹೊರಬಂದಿತು. ಕನ್ನಡದ ಮೂಡಲಕ್ಕೂ ಈ ಹೆಸರಿಗೂ ಸಂಬಂಧವಿಲ್ಲ. ಅದು ಇಂಗ್ಲಿಷಿನ ಐದಾರು ಪದಗಳ ಮೊದಲಕ್ಷರಗಳಿಂದ ಕೂಡಿಸಿದ್ದು.

ಸಾಕಾಯ್ ನಡೆಸಲು ಜಾವಾ ಬಲ್ಲ ತಂಡ ಬೇಕು. ಮೂಡಲ್ ಪಿಎಚ್‌ಪಿಯಲ್ಲಿ ರಚಿತವಾಗಿರುವುದರಿಂದ ಸಾಧಾರಣ ಸರ್ವರ್ ಒಂದರಲ್ಲಿ, ಅಂತರ್ಜಾಲ ತಾಣ ನಡೆಸಿ ಅಭ್ಯಾಸವಿರುವ ಒಬ್ಬ ವ್ಯಕ್ತಿಯೇ ಅದನ್ನು ಸ್ಥಾಪಿಸಬಹುದು. ಜಗತ್ತಿನ ಸಣ್ಣ ಕಾಲೇಜುಗಳಿಗೆ ಅದು ತಲುಪಿದ್ದಕ್ಕೆ ಮುಖ್ಯ ಕಾರಣ ಈ ಸರಳತೆಯೇ. ಅದರ ಪರವಾನಗಿಯಾದ ಜಿಪಿಎಲ್ ಸಾಕಾಯ್‌ನದಕ್ಕಿಂತ ಕಟ್ಟುನಿಟ್ಟಿನದು. ತಿದ್ದಿದ ಆವೃತ್ತಿಯನ್ನು ಹಂಚುವವರು ಆಕರವನ್ನೂ ಅದೇ ಪರವಾನಗಿಯಡಿ ಹಂಚಬೇಕು. ಕನ್ನಡವೂ ಸೇರಿದಂತೆ ಅನೇಕ ಭಾಷೆಗಳ ಅನುವಾದ ಕಟ್ಟುಗಳನ್ನು ಸ್ವಯಂಸೇವಕರು ರೂಪಿಸಿದ್ದಾರೆ. ಕಾಲೇಜಿನ ಕನ್ನಡ ಅಧ್ಯಾಪಕರೊಬ್ಬರಿಗೆ ಒಂದು ಪದ ಒಪ್ಪದಿದ್ದರೆ ತಮ್ಮ ಸಂಸ್ಥೆಯ ಮಟ್ಟಿಗೆ ಅದನ್ನು ಬದಲಿಸಿಕೊಳ್ಳಲು ಯಾರ ಅಪ್ಪಣೆಯೂ ಬೇಕಿಲ್ಲ.

2014ರ ತಿರುವು

ಹತ್ತು ವರ್ಷಗಳ ಬಳಿಕ ಸಂದರ್ಭ ಬದಲಾಯಿತು. ಸರ್ವರ್‌ಗಳನ್ನು ಸಂಸ್ಥೆಯಲ್ಲಿಯೇ ಇರಿಸಿಕೊಳ್ಳುವ ಬದಲು ಸೇವೆಯನ್ನು ಕಂಪನಿಯಿಂದ ಬಾಡಿಗೆಗೆ ಪಡೆಯುವ ಕ್ಲೌಡ್ ಪದ್ಧತಿ ಬೆಳೆಯಿತು. ಕುವಾಲಿ ಪ್ರತಿಷ್ಠಾನವು 2014ರ ಆಗಸ್ಟ್‌ನಲ್ಲಿ ಲಾಭೋದ್ದೇಶದ ಕಂಪನಿಯೊಂದನ್ನು ಸ್ಥಾಪಿಸಿ ತಂತ್ರಾಂಶದ ಮುಂದಿನ ಅಭಿವೃದ್ಧಿಯನ್ನು ಅದಕ್ಕೆ ವಹಿಸುವುದಾಗಿ ಪ್ರಕಟಿಸಿತು. ಪರವಾನಗಿಯನ್ನು ಎಜಿಪಿಎಲ್‌ಗೆ ಬದಲಿಸಲು ನಿರ್ಧರಿಸಲಾಯಿತು. ಅಂತರ್ಜಾಲದ ಮೂಲಕ ಸೇವೆ ನೀಡುವವರೂ ತಮ್ಮ ತಿದ್ದುಪಡಿಗಳ ಆಕರವನ್ನು ತೆರೆದಿಡಬೇಕೆಂಬುದು ಈ ಪರವಾನಗಿಯ ಷರತ್ತು. ಆದರೆ ಹಲವು ಸಂಸ್ಥೆಗಳಿಗೆ ಒಂದೇ ಸ್ಥಾಪನೆಯಿಂದ ಸೇವೆ ನೀಡಲು ಬೇಕಾದ ಭಾಗವನ್ನು ಹೊಸ ಕಂಪನಿ ಬಿಡುಗಡೆ ಮಾಡುವುದಿಲ್ಲವೆಂದೂ ತಿಳಿಸಲಾಯಿತು. ವರ್ಷಗಳ ಕಾಲ ಸಿಬ್ಬಂದಿಯನ್ನೂ ಹಣವನ್ನೂ ನೀಡಿದ್ದ ವಿಶ್ವವಿದ್ಯಾಲಯಗಳಲ್ಲಿ ಇದರ ಬಗ್ಗೆ ಅಸಮಾಧಾನ ವ್ಯಕ್ತವಾಯಿತು. ಹಾಗಿದ್ದರೂ ಅದುವರೆಗೆ ಬಿಡುಗಡೆಯಾಗಿದ್ದ ಆಕರವನ್ನು ಯಾರೂ ಹಿಂಪಡೆಯುವಂತಿರಲಿಲ್ಲ. ಹಳೆಯ ಪರವಾನಗಿಯಡಿ ಅದು ಬಳಸುತ್ತಿದ್ದವರ ಬಳಿಯೇ ಉಳಿಯಿತು. ಸ್ವಾಮ್ಯದ ತಂತ್ರಾಂಶದಲ್ಲಿ ಈ ನೆಲೆಯೂ ಇರುತ್ತಿರಲಿಲ್ಲ.

ಕುವಾಲಿಯ ಗ್ರಂಥಾಲಯ ವಿಭಾಗದವರು 2016ರಲ್ಲಿ ಹೊರನಡೆದು ಫೋಲಿಯೋ ಎಂಬ ಹೊಸ ಮುಕ್ತ ಆಕರ ಯೋಜನೆಯನ್ನು ಸೇರಿದರು. ಹಳೆಯ ಸಂಕೇತವನ್ನು ಅಲ್ಲಿಯೇ ಬಿಡಲಾಯಿತು. ಜೊತೆಯಾಗಿ ಕೆಲಸ ಮಾಡಿ ಬಲ್ಲವರು ಮಾತ್ರ ಮುಂದುವರಿದರು. ಫೋಲಿಯೋವನ್ನು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2022ರಲ್ಲಿ ಆಯ್ದುಕೊಂಡಿತು.

ಸಾಕಾಯ್‌ನ ಸ್ಥಾಪಕರ ನಡೆಯನ್ನೂ ಇಲ್ಲಿ ಹೇಳಬೇಕು. ಇಂಡಿಯಾನಾ ಮತ್ತು ಮಿಚಿಗನ್ 2014ರಲ್ಲಿ ಯುನಿಜಿನ್ ಎಂಬ ಒಕ್ಕೂಟ ಸ್ಥಾಪಿಸಿ ಕ್ಯಾನ್ವಾಸ್ ಎಂಬ ಬೇರೆ ತಂತ್ರಾಂಶಕ್ಕೆ ಬದಲಾದವು. ಸ್ಟ್ಯಾನ್‌ಫರ್ಡ್ ಕೂಡ ಅದನ್ನೇ ಅನುಸರಿಸಿತು, 2020ರಲ್ಲಿ ಎಂ.ಐ.ಟಿ.ಯೂ ಕ್ಯಾನ್ವಾಸ್ ಅಳವಡಿಸಿಕೊಂಡಿತು. ಕ್ಯಾನ್ವಾಸ್‌ನ ಆಕರ 2011ರಿಂದ ಎಜಿಪಿಎಲ್ ಅಡಿ ಲಭ್ಯವಿದ್ದರೂ ಸಂಸ್ಥೆಗಳು ಅದನ್ನು ಬಹುತೇಕ ಕಂಪನಿಯ ಸೇವೆಯಾಗಿಯೇ ಪಡೆಯುತ್ತವೆ. ಸಾಕಾಯ್ ಇಂದಿಗೂ ಜೀವಂತವಾಗಿದೆ. ಆದರೆ ನಾಲ್ವರು ಸ್ಥಾಪಕರನ್ನು ಬಿಟ್ಟು. ಇದನ್ನು ಸೋಲೆಂದು ಕರೆಯುವವರಿದ್ದಾರೆ. ಸ್ಥಾಪಕರೇ ಹೊರಟ ಮೇಲೂ ಉಳಿದವರು ತಂತ್ರಾಂಶವನ್ನು ನಡೆಸಿಕೊಂಡು ಹೋಗಲು ಸಾಧ್ಯವಾದದ್ದು ಪರವಾನಗಿಯಿಂದಲೇ ಎಂಬುದನ್ನು ಅವರು ಗಮನಿಸಬೇಕು.

ಓಪನ್ ಎಡೆಕ್ಸ್ ಇದಕ್ಕೆ ಇನ್ನೊಂದು ನಿದರ್ಶನ. ಎಂ.ಐ.ಟಿ. ಮತ್ತು ಹಾರ್ವರ್ಡ್ 2012ರಲ್ಲಿ ಆರಂಭಿಸಿದ ಎಡೆಕ್ಸ್ ತನ್ನ ಆಕರವನ್ನು 2013ರಲ್ಲಿ ಮುಕ್ತಗೊಳಿಸಿತು. ಅದೇ ಆಕರವನ್ನು ಬಳಸಿ ಮುಂಬಯಿಯ ಐಐಟಿ ತನ್ನ ಐಐಟಿಬಾಂಬೆಎಕ್ಸ್ ವೇದಿಕೆಯನ್ನು ನಿರ್ಮಿಸಿತು. ಎಡೆಕ್ಸ್‌ನ ವಹಿವಾಟನ್ನು 2021ರಲ್ಲಿ ಟುಯು ಎಂಬ ಕಂಪನಿಗೆ 80 ಕೋಟಿ ಡಾಲರುಗಳಿಗೆ ಮಾರಲಾಯಿತು; ಆ ಕಂಪನಿ 2024ರ ಜುಲೈನಲ್ಲಿ ದಿವಾಳಿ ರಕ್ಷಣೆ ಕೋರಿ ನ್ಯಾಯಾಲಯದ ಮೊರೆಹೋಯಿತು. ಮುಕ್ತ ಆಕರದ ಪಾಲನೆ ಮಾತ್ರ ಲಾಭರಹಿತ ಸಂಸ್ಥೆಯ ಬಳಿ ಉಳಿದಿದ್ದರಿಂದ, ಅದನ್ನು ಬಳಸುತ್ತಿದ್ದ ಸಂಸ್ಥೆಗಳ ಆಕರಕ್ಕೆ ಈ ವ್ಯವಹಾರಗಳಿಂದ ಬಾಧೆಯಾಗಲಿಲ್ಲ.

ಭಾರತ ಮತ್ತು ಕರ್ನಾಟಕದ ಸಂದರ್ಭ

ಭಾರತ ಸರ್ಕಾರವು ಇ-ಆಡಳಿತಕ್ಕಾಗಿ ಮುಕ್ತ ಮಾನಕಗಳ ನೀತಿಯನ್ನು 2010ರಲ್ಲಿಯೂ ಮುಕ್ತ ಆಕರ ತಂತ್ರಾಂಶಗಳ ಅಳವಡಿಕೆ ನೀತಿಯನ್ನು 2015ರಲ್ಲಿಯೂ ಪ್ರಕಟಿಸಿತು. ಮುಕ್ತ ಆಕರಕ್ಕೆ ಆದ್ಯತೆ ನೀಡಬೇಕು, ಸ್ವಾಮ್ಯದ ತಂತ್ರಾಂಶವನ್ನು ಆಯ್ದುಕೊಂಡಲ್ಲಿ ಕಾರಣವನ್ನು ದಾಖಲಿಸಬೇಕು ಎಂಬುದು ಎರಡನೆಯ ನೀತಿಯ ಸಾರ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ತನ್ನ ಸಂಶೋಧನಾ ಲೇಖನಗಳ ಸಂಗ್ರಹಾಗಾರವನ್ನು 2002ರಷ್ಟು ಹಿಂದೆಯೇ ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಇಪ್ರಿಂಟ್ಸ್ ಎಂಬ ಮುಕ್ತ ಆಕರ ತಂತ್ರಾಂಶದಲ್ಲಿ ರೂಪಿಸಿತು. ದೇಶದ ಪಿಎಚ್.ಡಿ. ಪ್ರಬಂಧಗಳ ಭಂಡಾರವಾದ ಶೋಧಗಂಗಾ, ಎಂ.ಐ.ಟಿ. ಹಾಗೂ ಎಚ್‌ಪಿ ಕಂಪನಿ ಸೇರಿ ರಚಿಸಿದ ಡಿಸ್ಪೇಸ್ ತಂತ್ರಾಂಶವನ್ನು ಆಧರಿಸಿದೆ. ಕರ್ನಾಟಕದ ವಿಶ್ವವಿದ್ಯಾಲಯಗಳ ಕನ್ನಡ ಪ್ರಬಂಧಗಳೂ ಅಲ್ಲಿ ಲಭ್ಯವಿವೆ.

ತಂತ್ರಾಂಶ ಆಯ್ಕೆಗೆ ಮುನ್ನ

ಟೆಂಡರ್ ಕರೆಯುವ ಸಂಸ್ಥೆಗಳು ಪರವಾನಗಿ ಯಾವುದೆಂದು ಕೇಳುವುದರ ಜೊತೆಗೆ, ತಿದ್ದುಪಡಿ ಮಾಡಿದ ಆಕರ ಕೊನೆಗೆ ಯಾರ ಬಳಿ ಇರುತ್ತದೆಂಬುದನ್ನೂ ಒಪ್ಪಂದದಲ್ಲಿ ಸ್ಪಷ್ಟಪಡಿಸತಕ್ಕದ್ದು. ಮುಕ್ತ ಆಕರವನ್ನು ಆಧರಿಸಿದ್ದೆಂದು ಹೇಳಿ, ತಿದ್ದಿದ ಭಾಗವನ್ನು ಗುತ್ತಿಗೆದಾರರು ತಮ್ಮಲ್ಲಿಯೇ ಇರಿಸಿಕೊಂಡರೆ ಸಂಸ್ಥೆಗೆ ಮುಕ್ತತೆಯ ಪ್ರಯೋಜನ ದೊರೆಯುವುದಿಲ್ಲ. ಕನಿಷ್ಠ ಇಬ್ಬರು ಕಾಯಂ ಸಿಬ್ಬಂದಿಗೆ ತಂತ್ರಾಂಶದ ನಿರ್ವಹಣೆ ತಿಳಿದಿರುವುದು ಅಗತ್ಯ. ಒಬ್ಬರೇ ಇದ್ದಲ್ಲಿ ಅವರ ವರ್ಗಾವಣೆಯೊಂದಿಗೆ ವ್ಯವಸ್ಥೆಯೂ ನಿಂತುಹೋಗುತ್ತದೆ.

ದತ್ತಾಂಶದ ವಿಚಾರದಲ್ಲಿ ಕನ್ನಡಿಗರಿಗೆ ಪರಿಚಿತವಾದ ಒಂದು ತೊಡಕಿದೆ. ಯೂನಿಕೋಡ್ ರೂಢಿಗೆ ಬರುವ ಮುನ್ನ ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರಸಂಕೇತದಲ್ಲಿ ಟೈಪು ಮಾಡಿದ ಕಡತವನ್ನು ಆ ಅಕ್ಷರಶೈಲಿ ಇಲ್ಲದ ಗಣಕದಲ್ಲಿ ತೆರೆದರೆ ಹೆಸರಿನ ಜಾಗದಲ್ಲಿ ರೋಮನ್ ಅಕ್ಷರಗಳ ಗೊಂದಲ ಕಾಣಿಸುತ್ತದೆ. ಇಂಥ ದಾಖಲೆಗಳನ್ನು ಹೊಸ ವ್ಯವಸ್ಥೆಗೆ ಸೇರಿಸುವ ಮೊದಲು ಯೂನಿಕೋಡ್‌ಗೆ ಪರಿವರ್ತಿಸಬೇಕು. ಪರಿವರ್ತನೆಯ ಬಳಿಕ ಒತ್ತಕ್ಷರಗಳನ್ನೂ ಅರ್ಕಾವೊತ್ತನ್ನೂ ಕಣ್ಣಾರೆ ಪರಿಶೀಲಿಸಬೇಕು, ಏಕೆಂದರೆ ಹೆಸರಿನಲ್ಲಿ ಒಂದು ಒತ್ತು ತಪ್ಪಿದರೂ ಅಂಕಪಟ್ಟಿ ತಿದ್ದಿಸಲು ವಿದ್ಯಾರ್ಥಿಯೇ ಅಲೆಯಬೇಕಾಗುತ್ತದೆ. ತಂತ್ರಾಂಶ ಯಾವುದೇ ಇರಲಿ, ಅಂಕ ಮತ್ತು ಶುಲ್ಕದ ಪೂರ್ಣ ದಾಖಲೆಯನ್ನು ವರ್ಷಕ್ಕೊಮ್ಮೆ ಸಾಮಾನ್ಯ ಪಠ್ಯ ಕಡತವಾಗಿ ಹೊರತೆಗೆದು, ಬೇರೆ ಗಣಕವೊಂದರಲ್ಲಿ ತೆರೆದು, ಹಿಂದಿನ ವರ್ಷದ ಹತ್ತಿಪ್ಪತ್ತು ಅಂಕಪಟ್ಟಿಗಳೊಡನೆ ತಾಳೆ ನೋಡುವುದು ಸೂಕ್ತ. ಈ ಕೆಲಸವನ್ನು ಮಾಡಬೇಕಾದವರು ಸಂಸ್ಥೆಯ ಸಿಬ್ಬಂದಿಯೇ ಹೊರತು ತಂತ್ರಾಂಶ ಪೂರೈಸಿದವರಲ್ಲ.